ಕೋಪನ್‌ಹೇಗನ್‌ನಲ್ಲಿ ನಾಲ್ಕು ದಿನ, ಆಮೇಲೆ ಹಡಗು: ನಮ್ಮ ಮೊದಲ ಫಿಯೋರ್ಡ್ ಯಾತ್ರೆ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಹಿಮನದಿ ಕಣಿವೆಯನ್ನು ಕೊರೆದು ಯು ಆಕಾರ ಮಾಡುತ್ತದೆ, ಹಿಮ ಕರಗಿದ ಮೇಲೆ ಸಮುದ್ರ ಒಳಗೆ ಬಂದು ತುಂಬಿದರೆ ಅದೇ ಫಿಯೋರ್ಡ್ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಕಣ್ಣಾರೆ ಒಂದನ್ನೂ ಕಂಡಿರಲಿಲ್ಲ. ನಿವೃತ್ತಿಯ ಹಣ ಕೈಗೆ ಬಂದಾಗ ನಮ್ಮನೆಯವರು "ಈಗ ಹೋಗದಿದ್ದರೆ ಇನ್ಯಾವಾಗ ಹೋಗೋದು" ಅಂದರು. ಅಕ್ಕನಿಗೆ ಅರವತ್ತೆಂಟು, ಮಂಡಿ ನೋವು ಬೇರೆ. "ನಡೆಯೋದು ಜಾಸ್ತಿ ಇಲ್ಲ ಅಂದ್ರೆ ನಾನೂ ಬರ್ತೀನಿ ಕಣೇ" ಅಂದಳು. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲು ಎಂದು ಪೆಟ್ಟಿಗೆ ಎಳೆದಾಡುವುದು ಅವಳಿಗೆ ಆಗದ ಮಾತು. ಹಾಗಾಗಿ ಹಡಗು ಎಂದಾಯಿತು.

ಏಜೆಂಟರ ಕಚೇರಿಯಿಂದ ತಂದ ಬಣ್ಣದ ಪುಸ್ತಿಕೆಗಳಲ್ಲಿ ಈಜುಕೊಳ ಎಷ್ಟು, ಊಟದ ಮನೆ ಎಷ್ಟು, ರಾತ್ರಿ ಏನು ಕಾರ್ಯಕ್ರಮ ಎಂಬುದೇ ತುಂಬಿತ್ತು. ನನಗೆ ಬೇಕಿದ್ದ ವಿಷಯ ಎಲ್ಲೋ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿತ್ತು: ಹಡಗು ಯಾವ ಊರಿಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಗಂಟೆಗೆ ಬಿಡುತ್ತದೆ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಗೆರೆ ಎಳೆದು ಐದು ಯಾತ್ರೆಗಳ ವೇಳೆಯನ್ನು ಅಕ್ಕಪಕ್ಕ ಬರೆದೆ. ಆಗ ಅರ್ಥವಾಯಿತು, ಒಂದರಲ್ಲಿ ಬಂದರುಗಳು ಐದಿದ್ದರೂ ಅದರಲ್ಲಿ ಮೂರು ಕರಾವಳಿಯ ಪಟ್ಟಣಗಳು. ಹಡಗು ನಿಜವಾಗಿ ಫಿಯೋರ್ಡ್‌ನೊಳಗೆ ಹೋಗುವುದು ಒಂದೇ ದಿನ. ಇನ್ನೊಂದರಲ್ಲಿ ನಾರ್ವೆಯ ನಿಲುಗಡೆ ಮೂರೇ: ಗೈರಾಂಗರ್, ಓಲೆಸುಂಡ್, ಫ್ಲೋಮ್. ಆದರೆ ಗೈರಾಂಗರ್ ತೆರೆದ ಸಮುದ್ರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದೆ. ಫ್ಲೋಮ್ ಅಂತೂ ಸೋಗ್ನೆಫಿಯೋರ್ಡ್‌ನ ಕವಲಾದ ಔರ್ಲಾಂಡ್ಸ್‌ಫಿಯೋರ್ಡ್‌ನ ತುತ್ತತುದಿ. ಸೋಗ್ನೆಫಿಯೋರ್ಡ್ 200 ಕಿಲೋಮೀಟರಿಗಿಂತ ಉದ್ದ, ಕೆಲವೆಡೆ 1,300 ಮೀಟರಿಗಿಂತ ಆಳ. ಆ ಎರಡು ಊರಿಗೆ ಹೋಗಿ ಬರುವುದೆಂದರೆ ನಾಲ್ಕು ಸಲ ಫಿಯೋರ್ಡ್ ಪಯಣ, ಒಂದೊಂದೂ ಹಲವು ಗಂಟೆ. ನಾನು ನೋಡಬೇಕೆಂದು ಇಷ್ಟು ವರ್ಷ ಕಾದದ್ದು ಅದನ್ನೇ. ಆ ಹಡಗನ್ನೇ ಹಿಡಿದೆವು. ಕೋಪನ್‌ಹೇಗನ್‌ನಲ್ಲಿ ಹತ್ತಿ, ಏಳನೆಯ ದಿನ ಜರ್ಮನಿಯ ಕೀಲ್ ಮುಟ್ಟಿ, ಮರುದಿನ ಮತ್ತೆ ಕೋಪನ್‌ಹೇಗನ್‌ನಲ್ಲಿ ಇಳಿಯುವುದು.

ತಿಂಗಳ ಆಯ್ಕೆಗೂ ಇದೇ ಲೆಕ್ಕ. ಮೇ, ಜೂನ್‌ನಲ್ಲಿ ಮೇಲಿನ ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ, ಆಗಸ್ಟ್ ಹೊತ್ತಿಗೆ ಕೆಲವು ದಾರದಂತೆ ಸಣ್ಣಗಾಗುತ್ತವೆ. ಜೂನ್‌ನಲ್ಲಿ ಗೈರಾಂಗರ್ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದರೂ ಪೂರ್ತಿ ಕತ್ತಲಾಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹಡಗು ಒಳಹೊಕ್ಕರೂ ಎಲ್ಲವೂ ಕಾಣುತ್ತದೆ. ಜೂನ್ ಮೊದಲ ವಾರ ನಿಗದಿಯಾಯಿತು.

ಇದಕ್ಕಿಂತ ಅಗ್ಗದ ಹಡಗೊಂದು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುತ್ತಿತ್ತು. ನಮ್ಮ ಪಾಸ್‌ಪೋರ್ಟಿಗೆ ಬ್ರಿಟನ್ನಿನ ವೀಸಾ ಬೇರೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಬೇರೆ. ಎರಡರ ಶುಲ್ಕ, ಎರಡು ಸಲ ಕಾಗದ ಜೋಡಿಸುವ ಕೆಲಸ ಸೇರಿಸಿದರೆ ಅಗ್ಗವೇನೂ ಉಳಿಯಲಿಲ್ಲ. ಡೆನ್ಮಾರ್ಕ್, ನಾರ್ವೆ, ಜರ್ಮನಿ ಮೂರೂ ಷೆಂಗೆನ್ ದೇಶಗಳು. ನಾರ್ವೆ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿ ಇದೆ. ಹಾಗಾಗಿ ಒಂದೇ ವೀಸಾ ಸಾಕು. ಯಾವ ದೇಶಕ್ಕೆ ಅರ್ಜಿ ಹಾಕುವುದು? ಹೆಚ್ಚು ದಿನ ಎಲ್ಲಿ ಇರುತ್ತೇವೋ ಅಲ್ಲಿಗೆ. ನಾವು ದಿನಗಳನ್ನು ಎಣಿಸಿ ಡೆನ್ಮಾರ್ಕಿಗೆ ಹಾಕಿದೆವು. ಹಡಗಿನ ದೃಢೀಕರಣ ಪತ್ರದ ಜೊತೆ ದಿನವಾರು ಬಂದರುಗಳ ಪಟ್ಟಿಯನ್ನೂ ಇಟ್ಟೆ, ಹೋಟೆಲಿನ ರಾತ್ರಿಗಳೂ ಹಡಗಿನ ರಾತ್ರಿಗಳೂ ನಡುವೆ ಒಂದು ದಿನವೂ ಬಿಟ್ಟುಹೋಗದಂತೆ. ಶುಲ್ಕ ತಲೆಗೆ 90 ಯೂರೋ, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ದಿನಾಂಕ ಸಿಗುವುದೇ ಕಷ್ಟ, ಫೆಬ್ರವರಿಯಲ್ಲೇ ಮುಗಿಸಿಕೊಂಡೆವು.

ಈಗ ಊರಿನ ವಾಸದ ವಿಷಯ. ಹಡಗು ಹತ್ತುವ ದಿನವೇ ಬೆಳಿಗ್ಗೆ ಬಂದಿಳಿಯುವ ವಿಮಾನ ತೋರಿಸಿ ಏಜೆಂಟರು "ಮೇಡಂ, ಹೋಟೆಲ್ ಖರ್ಚು ಉಳಿಯುತ್ತೆ" ಅಂದರು. ನಾನು ಒಪ್ಪಲಿಲ್ಲ. ವಿಮಾನ ತಪ್ಪಿದರೆ ಇನ್ನೊಂದಿದೆ, ಹಡಗು ನಮಗಾಗಿ ಕಾಯುವುದಿಲ್ಲ. ಹಡಗು ಬಿಡುವ ವೇಳೆಯಿಂದ ಹಿಂದಕ್ಕೆ ಎಣಿಸುತ್ತ ಬಂದು ನಾಲ್ಕು ದಿನ ಮುಂಚೆ ತಲುಪುವಂತೆ ಟಿಕೆಟ್ ಮಾಡಿಸಿದೆ.

ಅದು ಎಷ್ಟು ಒಳ್ಳೆಯದಾಯಿತು ಎಂದು ಇಳಿದ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ನಮ್ಮಿಬ್ಬರ ಪೆಟ್ಟಿಗೆ ಬಂತು, ಅಕ್ಕನದು ಬರಲಿಲ್ಲ. ನಡುವೆ ವಿಮಾನ ಬದಲಿಸಿದ ಊರಿನಲ್ಲೇ ಉಳಿದುಹೋಗಿತ್ತು. ಬೆಲ್ಟು ಸುತ್ತಿ ಸುತ್ತಿ ಖಾಲಿಯಾಗಿ ನಿಂತಾಗ ಅಕ್ಕನ ಮುಖ ನೋಡಲಾಗಲಿಲ್ಲ. ಹೊರಗೆ ಹೋಗುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ದೂರು ಬರೆಸಿ, ಅದರ ಸಂಖ್ಯೆ ಇರುವ ಚೀಟಿ ಪಡೆದು, ಹೋಟೆಲಿನ ವಿಳಾಸ ಕೊಟ್ಟೆವು. ಎರಡನೆಯ ದಿನ ಸಂಜೆ ಪೆಟ್ಟಿಗೆ ಹೋಟೆಲಿಗೆ ಬಂತು. ನಾವು ಅದೇ ದಿನ ಹಡಗು ಹತ್ತಿದ್ದರೆ ಅದು ನಾರ್ವೆಯ ಯಾವ ಬಂದರಿನಲ್ಲಿ ನಮ್ಮನ್ನು ಹುಡುಕಬೇಕಿತ್ತು? ಅವಳ ಮಾತ್ರೆಗಳು, ಒಂದು ಜೊತೆ ಬಟ್ಟೆ, ಸ್ವೆಟರು ಕೈಚೀಲದಲ್ಲಿದ್ದವು. ಇದೊಂದನ್ನು ನಾನು ಹೊರಡುವ ಮುಂಚೆ ಹಟ ಹಿಡಿದು ಮಾಡಿಸಿದ್ದೆ.

ಹೋಟೆಲನ್ನು ಕೋಪನ್‌ಹೇಗನ್‌ನ ಮುಖ್ಯ ರೈಲು ನಿಲ್ದಾಣದ ಹತ್ತಿರ ಹಿಡಿದದ್ದಕ್ಕೆ ಕಾರಣವಿತ್ತು. ವಿಮಾನ ನಿಲ್ದಾಣದಿಂದ ಅಲ್ಲಿಗೆ ರೈಲು ಹದಿನೈದು ನಿಮಿಷದೊಳಗೆ ತಲುಪಿಸುತ್ತದೆ. ಅಲ್ಲಿಂದ ಎಂ4 ಮೆಟ್ರೊ ಹಿಡಿದರೆ ಬದಲಿಸದೆ ಓರಿಯಂಟ್‌ಕಾಯ್ ತನಕ ಹೋಗಬಹುದು, ನಮ್ಮ ಹಡಗುಕಟ್ಟೆಗೆ ಹತ್ತಿರದ ಮೆಟ್ರೊ ನಿಲ್ದಾಣ ಅದೇ. ಕೋಪನ್‌ಹೇಗನ್‌ನಲ್ಲಿ ಹಡಗುಗಳು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಲಾಂಗೆಲಿನಿಯೆ ಕಟ್ಟೆ ಊರಿಗೆ ಹತ್ತಿರ, ಮತ್ಸ್ಯಕನ್ಯೆಯ ಪ್ರತಿಮೆಯ ಪಕ್ಕದಲ್ಲೇ. ಓಷನ್‌ಕಾಯ್ ಕಟ್ಟೆ ಇರುವುದು ನಾರ್ಡ್‌ಹಾವ್ನ್ ಎಂಬ ಬಂದರು ಪ್ರದೇಶದ ತುದಿಯಲ್ಲಿ, ಊರಿನಿಂದ ನಡೆದು ಹೋಗುವ ದೂರವಲ್ಲ. ನಮ್ಮ ಟಿಕೆಟ್‌ನಲ್ಲಿ ಬರೀ "ಕೋಪನ್‌ಹೇಗನ್" ಎಂದಿತ್ತು. ಬಂದರಿನ ವೇಳಾಪಟ್ಟಿಯಲ್ಲಿ ಹಡಗಿನ ಹೆಸರು ಹುಡುಕಿ ಓಷನ್‌ಕಾಯ್ ಎಂದು ಖಚಿತ ಮಾಡಿಕೊಂಡೆ. ಕೊನೆಗೆ ಹತ್ತುವ ದಿನ ಅಕ್ಕನ ಮಂಡಿಯ ಸಲುವಾಗಿ ಟ್ಯಾಕ್ಸಿಯಲ್ಲೇ ಹೋದೆವು. ಆದರೂ ಹಿಂದಿನ ದಿನ ನಮ್ಮನೆಯವರು ಮೆಟ್ರೊದಲ್ಲಿ ಹೋಗಿ ದಾರಿ ನೋಡಿಕೊಂಡು ಬಂದರು.

ಆ ನಾಲ್ಕು ದಿನದಲ್ಲಿ ಊರನ್ನೆಲ್ಲ ಬಾಚಿಕೊಳ್ಳಲು ಹೋಗಲಿಲ್ಲ. ನಮ್ಮ ಗಡಿಯಾರಕ್ಕೂ ಅಲ್ಲಿಯದಕ್ಕೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಮೊದಲ ಎರಡು ದಿನ ಸಂಜೆ ಏಳಕ್ಕೇ ಕಣ್ಣು ಎಳೆಯುತ್ತಿತ್ತು, ಹೊರಗೆ ನೋಡಿದರೆ ಹತ್ತರವರೆಗೂ ಬೆಳಕು. ಅಕ್ಕನಿಗೆ ತುಂಬ ಹಿಡಿಸಿದ್ದು ರೌಂಡ್ ಟವರ್. 1642ರಲ್ಲಿ ಕಟ್ಟಿ ಮುಗಿಸಿದ ಖಗೋಳ ವೀಕ್ಷಣೆಯ ಗೋಪುರ. ಒಳಗೆ ಮೆಟ್ಟಿಲಿನ ಬದಲು ಇಟ್ಟಿಗೆಯ ಇಳಿಜಾರು ಏಳೂವರೆ ಸುತ್ತು ಸುತ್ತಿ ಮೇಲೆ ಹೋಗುತ್ತದೆ, ತುದಿಯಲ್ಲಿ ಮಾತ್ರ ಸ್ವಲ್ಪ ಮೆಟ್ಟಿಲು. ನಿಂತು ನಿಂತು ಹತ್ತಿದಳು.

ನನಗೆ ಮರೆಯಲಾಗದ್ದು ಬೇರೆ. ಬಸ್ಸಿನ ಟಿಕೆಟ್ಟಿನಲ್ಲೇ ಹೋಗಬಹುದಾದ ಹಳದಿ ದೋಣಿಗಳು ಬಂದರಿನ ಕಾಲುವೆಯಲ್ಲಿ ಓಡಾಡುತ್ತವೆ. ಅದರಲ್ಲಿ ಕ್ರಿಶ್ಚಿಯನ್ಸ್‌ಹಾವ್ನ್ ಪಕ್ಕ ಸಾಗುವಾಗ ಹಿಂದೆ ಏಷ್ಯಾದ ಜೊತೆ ವ್ಯಾಪಾರ ಮಾಡುತ್ತಿದ್ದ ಡೆನ್ಮಾರ್ಕಿನ ಏಷಿಯಾಟಿಕ್ ಕಂಪನಿಯ ಹದಿನೆಂಟನೆಯ ಶತಮಾನದ ಉಗ್ರಾಣ ಕಂಡಿತು. ತಮಿಳುನಾಡಿನ ತರಂಗಂಬಾಡಿ, ಬಂಗಾಳದ ಸೆರಾಂಪುರ ಎರಡೂ 1845ರ ತನಕ ಡೆನ್ಮಾರ್ಕಿನವರ ಕೈಯಲ್ಲಿದ್ದವು. ಆ ಸೆರಾಂಪುರದ ಮಿಷನ್ ಅಚ್ಚುಕೂಟದಲ್ಲೇ 1817ರಲ್ಲಿ ವಿಲಿಯಂ ಕ್ಯಾರಿ ಬರೆದ ಕನ್ನಡ ವ್ಯಾಕರಣ ಅಚ್ಚಾದದ್ದು, ಅಚ್ಚು ಕಂಡ ಮೊದಮೊದಲ ಕನ್ನಡ ಪುಸ್ತಕಗಳಲ್ಲಿ ಅದೂ ಒಂದು. ನಮ್ಮ ಅಕ್ಷರಕ್ಕೂ ಈ ನೀರಿಗೂ ಹೀಗೊಂದು ನಂಟು ಇದೆಯಲ್ಲ ಎಂದು ದೋಣಿ ಇಳಿಯುವ ತನಕ ಹಿಂತಿರುಗಿ ನೋಡುತ್ತಲೇ ಇದ್ದೆ.

ಹಣದ ವಿಷಯದಲ್ಲಿ ಒಂದು ಮಾತು. ಡೆನ್ಮಾರ್ಕಿನ ಕ್ರೋನ್ ಬೇರೆ, ನಾರ್ವೆಯ ಕ್ರೋನ್ ಬೇರೆ, ಬೆಲೆಯೂ ಬೇರೆ. ನಾವು ನಗದು ಕೊಳ್ಳಲೇ ಇಲ್ಲ, ಎಲ್ಲ ಕಡೆ ಕಾರ್ಡು ನಡೆಯಿತು. ಹಡಗಿನಲ್ಲಿ ಬಾಲ್ಕನಿ ಇರುವ ಕೋಣೆಯ ಬದಲು ಮೂವರಿಗೂ ಸೇರಿ ಒಂದು ಕಿಟಕಿ ಕೋಣೆ ತೆಗೆದುಕೊಂಡೆವು, ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಟ್ಟನಡುವೆ. ಓಲಾಟ ಅಲ್ಲಿ ಕಡಿಮೆ. ಡೆನ್ಮಾರ್ಕ್, ನಾರ್ವೆ ನಡುವಿನ ಸ್ಕಾಗರಾಕ್ ಕಡಲು ದಾಟುವ ರಾತ್ರಿ ಹಡಗು ಚೆನ್ನಾಗಿಯೇ ಅಲುಗಿತು, ವಾಂತಿ ಮಾತ್ರೆಯನ್ನು ಅಲುಗಾಟ ಶುರುವಾಗುವ ಮೊದಲೇ ತೆಗೆದುಕೊಂಡದ್ದರಿಂದ ಮೂವರೂ ನಿದ್ದೆ ಮಾಡಿದೆವು. ಬಾಲ್ಕನಿಯಿಂದ ಫಿಯೋರ್ಡ್‌ನ ಒಂದೇ ಗೋಡೆ ಕಾಣುತ್ತದೆ. ಮೇಲಿನ ತೆರೆದ ಅಂತಸ್ತಿನಲ್ಲಿ ಎರಡೂ. ಉಳಿದ ದುಡ್ಡು ಕೋಪನ್‌ಹೇಗನ್ ಹೋಟೆಲಿಗಾಯಿತು.

ತಿಂಡಿ ಕಟ್ಟುವಾಗ ಅಕ್ಕ ತುಪ್ಪದ ಡಬ್ಬಿ, ಮೈಸೂರು ಪಾಕು ತೆಗೆದಿಟ್ಟಿದ್ದಳು. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ ಎಂದು ಹೇಳಿ ಬಿಡಿಸಿದೆ. ಚಟ್ನಿಪುಡಿ, ಪುಡಿ ಮಾಡಿದ ಗೊಜ್ಜವಲಕ್ಕಿ, ಉಪ್ಪಿನಕಾಯಿ ಬಂದವು. ಹಡಗಿನಲ್ಲಿ ವಿದ್ಯುತ್ ಕೆಟಲ್ ನಿಷಿದ್ಧ, ಊಟದ ಸಾಲಿನಲ್ಲಿ ಬಿಸಿನೀರು ಸಿಗುತ್ತದೆ, ಗೊಜ್ಜವಲಕ್ಕಿಗೆ ಅಷ್ಟು ಸಾಕು. ಸಸ್ಯಾಹಾರವೆಂದು ಮೂರು ತಿಂಗಳು ಮುಂಚೆಯೇ ಬರೆದು ತಿಳಿಸಿದ್ದರಿಂದ ರಾತ್ರಿಯೂಟಕ್ಕೆ ಅನ್ನ, ಬೇಳೆ ಸಾರಿನಂಥದ್ದು ಕೇಳಿದಾಗೆಲ್ಲ ಸಿಕ್ಕಿತು.

ಫ್ಲೋಮ್‌ನ ರೈಲಿನ ಟಿಕೆಟ್ಟನ್ನು ಮನೆಯಿಂದಲೇ ತೆಗೆದಿದ್ದೆವು, ದೊಡ್ಡ ಹಡಗು ಬಂದ ದಿನ ಅಲ್ಲಿ ಸೀಟು ಉಳಿಯುವುದಿಲ್ಲ. ಇಪ್ಪತ್ತು ಕಿಲೋಮೀಟರ್ ದಾರಿ, ಇಪ್ಪತ್ತು ಸುರಂಗ, ಸಮುದ್ರಮಟ್ಟದಿಂದ 866 ಮೀಟರ್ ಏರು. ನಮ್ಮನೆಯವರು ಸಕಲೇಶಪುರದವರು, ಸುಬ್ರಹ್ಮಣ್ಯದ ಘಟ್ಟದ ರೈಲನ್ನು ಚಿಕ್ಕಂದಿನಿಂದ ಬಲ್ಲವರು. ಅಲ್ಲಿ 55 ಕಿಲೋಮೀಟರಿನಲ್ಲಿ 57 ಸುರಂಗ, ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲಕ್ಕೆ. ಇಲ್ಲಿ 18ಕ್ಕೆ 1. ಕಿಟಕಿಯಿಂದ ಕೆಳಗಿನ ಹಳಿ ನೋಡುತ್ತ "ಇದು ಹೇಗೆ ಜಾರದೆ ನಿಲ್ಲುತ್ತೆ" ಎಂದು ಎಷ್ಟು ಸಲ ಕೇಳಿದರೋ. ಸ್ವಂತವಾಗಿ ಹೋದರೆ ಒಂದು ಎಚ್ಚರಿಕೆ ಬೇಕು: ಹಡಗಿನವರೇ ಕರೆದೊಯ್ದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನಾವಾಗಿ ಹೋಗಿ ತಡಮಾಡಿದರೆ ಇಲ್ಲ. ಅದಕ್ಕೇ ಬೆಳಗಿನ ರೈಲು ಹಿಡಿದು ಮಧ್ಯಾಹ್ನಕ್ಕೆ ವಾಪಸಾದೆವು. ಓಲೆಸುಂಡ್ 1904ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಲ್ಲಿನಲ್ಲಿ ಕಟ್ಟಿದ ಊರು. ಅಕ್ಸ್‌ಲಾ ಗುಡ್ಡದ 418 ಮೆಟ್ಟಿಲನ್ನು ನಮ್ಮನೆಯವರೊಬ್ಬರೇ ಹತ್ತಿದರು, ನಾವಿಬ್ಬರು ಕೆಳಗೆ ಕಾಫಿ ಕುಡಿಯುತ್ತ ಕೂತೆವು.

ಗೈರಾಂಗರ್‌ಗೆ ಬರುವ ದಿನ ಮೂರೂಮುಕ್ಕಾಲಿಗೆ ಅಲಾರಂ ಇಟ್ಟಿದ್ದೆ. ಒಳ ಉಣ್ಣೆ, ಸ್ವೆಟರು, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಅಕ್ಕ ಅದರ ಮೇಲೆ ಶಾಲು. ಮೇಲೆ ಹೋದಾಗ ಹತ್ತು ಜನವೂ ಇರಲಿಲ್ಲ. ಬೋರ್ಡಿನ ಮೇಲೆ ಎರಡು ಗೆರೆಯಲ್ಲಿ ಮುಗಿಸುತ್ತಿದ್ದ ಯು ಆಕಾರದ ಒಳಗೆ ನಾನು ನಿಂತಿದ್ದೆ. ನೀರಿನ ಮೇಲೆ ಸಾವಿರ ಮೀಟರಿಗೂ ಎತ್ತರದ ಬಂಡೆ, ಅದೇ ಬಂಡೆ ನೀರಿನೊಳಗೂ ಇಳಿಯುತ್ತದೆ. ಓಕರ್ನೆಸ್ ಎಂಬ ಬೆಟ್ಟದ ಪಕ್ಕ ಸಾಗಿದೆವು. ಅಲ್ಲಿ ಬಂಡೆ ಬಿರುಕು ಬಿಟ್ಟು ಪ್ರತಿ ವರ್ಷ ಕೆಲವು ಸೆಂಟಿಮೀಟರ್ ಸರಿಯುತ್ತಿದೆ, ಹಗಲೂ ರಾತ್ರಿ ಉಪಕರಣಗಳು ಕಾಯುತ್ತಿವೆ. ಪಕ್ಕದ ಟಾಫಿಯೋರ್ಡ್‌ನಲ್ಲಿ 1934ರಲ್ಲಿ ಬೆಟ್ಟ ಜರಿದು ಎದ್ದ ಅಲೆಗೆ 40 ಜನ ಸತ್ತಿದ್ದರು. ಇದನ್ನೆಲ್ಲ ಓದಿಕೊಂಡು ಹೋಗಿದ್ದರಿಂದ ಆ ಬಂಡೆಯನ್ನು ಬರೀ ಚೆಂದವೆಂದು ನೋಡಲಾಗಲಿಲ್ಲ.

ಹಿಂದೆ ತಿರುಗಿದರೆ ನಮ್ಮದೇ ಹಡಗಿನ ಹೊಗೆ, ಗಾಳಿಯಿಲ್ಲದ ಆ ಇಕ್ಕಟ್ಟಿನಲ್ಲಿ ತೆಳ್ಳಗೆ ನಿಂತಿತ್ತು. ನನಗೆ ಸಂಕಟವಾಯಿತು. ಗೈರಾಂಗರ್ ಮತ್ತು ನೇರೋಯ್ ಫಿಯೋರ್ಡ್‌ಗಳು 2005ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. 10,000 ಗ್ರಾಸ್ ಟನ್ನಿಗಿಂತ ಚಿಕ್ಕ ಪ್ರವಾಸಿ ಹಡಗುಗಳು 2026ರಿಂದ ಅಲ್ಲಿ ಹೊಗೆ ಉಗುಳುವಂತಿಲ್ಲ, ನಮ್ಮದರಂಥ ದೊಡ್ಡವಕ್ಕೆ 2032ರ ತನಕ ಗಡುವಿದೆ. ಇನ್ನೊಮ್ಮೆ ಬರುವುದಾದರೆ ಬ್ಯಾಟರಿಯಲ್ಲಿ ಓಡುವ ಚಿಕ್ಕ ದೋಣಿಯಲ್ಲೇ ಬರುತ್ತೇನೆ.

ಸಂಜೆ ಹೊರಡುವಾಗ ಅಂತಸ್ತು ಜನರಿಂದ ತುಂಬಿತ್ತು. ಏಳು ಸೋದರಿಯರು ಎಂಬ ಜಲಪಾತ ತುಂಬಿ ಸುರಿಯುತ್ತಿತ್ತು. ಎದುರಿಗೆ ನೀರಿನಿಂದ 250 ಮೀಟರ್ ಮೇಲೆ, ಬಂಡೆಯ ಚಾಚಿನ ಮೇಲೆ ಸ್ಕಾಗೆಫ್ಲೋ ಎಂಬ ಹಳೆಯ ಹೊಲಮನೆ. ಆಡು ಸಾಕಿ ಬದುಕುತ್ತಿದ್ದರು, 1916ರಲ್ಲಿ ಬಿಟ್ಟು ಹೋದರು. ಇಂಥ ಮನೆಗಳಲ್ಲಿ ಮಕ್ಕಳು ಕೆಳಗೆ ಬೀಳದಂತೆ ಹಗ್ಗದಲ್ಲಿ ಕಟ್ಟಿಡುತ್ತಿದ್ದರಂತೆ ಎಂದು ಅಕ್ಕನಿಗೆ ಹೇಳಿದೆ. ಅವಳು ಶಾಲನ್ನು ತಲೆಗೆ ಎಳೆದುಕೊಂಡು ಆ ಮನೆ ಮರೆಯಾಗುವ ತನಕ ನೋಡಿದಳು.

"ಅಮ್ಮನೂ ನಿನ್ನನ್ನ ನಡುಮನೆ ಕಂಬಕ್ಕೆ ಸೆರಗಲ್ಲಿ ಕಟ್ಟಿ ನಾಟಿಗೆ ಹೋಗ್ತಿದ್ಲು ಕಣೇ," ಅಂದಳು. "ನಾನೇ ಪಕ್ಕ ಕೂತು ಕಾಯ್ತಿದ್ದೆ. ನಿಂಗೆ ನೆನಪಿರಲ್ಲ."