ಕೈಟ್‌ಬೋರ್ಡ್‌ನ ಒಡಲಿಗೆ ಮರವೋ, ಫೋಮೋ? ನಾನು ಆರಿಸಿಕೊಂಡ ಬಗೆ

ಕೈಟ್‌ಬೋರ್ಡನ್ನು, ಅಂದರೆ ದೊಡ್ಡ ಗಾಳಿಪಟ ಎಳೆಯುತ್ತಿರುವಾಗ ನೀರಿನ ಮೇಲೆ ನಿಂತು ಜಾರುವ ಹಲಗೆಯನ್ನು, ಸ್ವಂತ ಕೈಯಿಂದ ಮಾಡಿಕೊಳ್ಳಲು ಹೊರಟಾಗ ನಾನು ಮೊದಲು ಹಾಕಿದ್ದು ತೂಕದ ಲೆಕ್ಕ. ನನಗೆ ಬೇಕಿದ್ದದ್ದು ಎರಡೂ ತುದಿ ಒಂದೇ ಆಕಾರದಲ್ಲಿರುವ ಟ್ವಿನ್ ಟಿಪ್: ಉದ್ದ 138 ಸೆಂ.ಮೀ., ಅಗಲ 41 ಸೆಂ.ಮೀ. ಕೋರ್, ಅಂದರೆ ಹೊರಪದರಗಳ ನಡುವೆ ಕೂರುವ ಒಡಲು, ನಡುವಿನಲ್ಲಿ 10 ಮಿ.ಮೀ. ದಪ್ಪ, ತುದಿಗೆ ಹೋಗುತ್ತ 5 ಮಿ.ಮೀ. ಸರಾಸರಿ 8 ಮಿ.ಮೀ. ಎಂದು ಹಿಡಿದರೆ ಒಳಗಿನ ಗಾತ್ರ ನಾಲ್ಕು ಲೀಟರ್ ಚಿಲ್ಲರೆ. ಅಷ್ಟನ್ನೂ ಬರ್ಚ್ ಪ್ಲೈವುಡ್‌ನಲ್ಲಿ ಮಾಡಿದರೆ ಕೋರ್ ಒಂದೇ ಮೂರು ಕೆ.ಜಿ. ಹತ್ತಿರ ಹೋಗುತ್ತದೆ. ಪೌಲೋನಿಯಾ ಮರವಾದರೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು. ಘನ ಮೀಟರಿಗೆ 80 ಕೆ.ಜಿ. ತೂಗುವ ಪಿವಿಸಿ ಫೋಮ್ ಆದರೆ 350 ಗ್ರಾಂ ಕೂಡ ಇಲ್ಲ.

ಪ್ಲೈವುಡ್ ಅಲ್ಲಿಗೇ ಬಿಟ್ಟುಹೋಯಿತು. ಫೋಮ್ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಆದರೆ ಹೊರಪದರದ ಫೈಬರ್‌ಗ್ಲಾಸ್ (ಗಾಜಿನ ನೂಲಿನ) ಬಟ್ಟೆ, ಅದನ್ನು ಅಂಟಿಸಿ ಗಟ್ಟಿಯಾಗುವ ರೆಸಿನ್, ಅಂಚಿನ ಪಟ್ಟಿ, ಸ್ಕ್ರೂ ಕೂರಿಸಲು ಹೂಳುವ ಇನ್ಸರ್ಟ್, ತಳದ ಫಿನ್, ಕಾಲಿಡುವ ಪ್ಯಾಡ್, ಕಾಲು ಹಿಡಿಯುವ ಸ್ಟ್ರ್ಯಾಪ್ ಇವೆಲ್ಲ ಯಾವ ಕೋರ್ ಹಾಕಿದರೂ ಬೇಕೇ ಬೇಕು. ಸ್ಟ್ರ್ಯಾಪಿನ ಸ್ಕ್ರೂ ಹಿಡಿದು ನಿಲ್ಲಲು ಫೋಮ್‌ನೊಳಗೆ ಗಟ್ಟಿ ಮರದ ತುಂಡುಗಳನ್ನೂ ಕೂರಿಸಬೇಕು. ಅದೆಲ್ಲ ಸೇರಿಸಿದ ಮೇಲೆ ಉಳಿಯುವ ಉಳಿತಾಯ ಅರ್ಧ ಕೆ.ಜಿ.ಯಿಂದ ಮುಕ್ಕಾಲು ಕೆ.ಜಿ. ಜಿಗಿದಾಗ ಅದು ಕಾಲಿಗೆ ಗೊತ್ತಾಗುತ್ತದೆ, ನಿಜ. ನೀರಿನ ಮೇಲೆ ಓಡುತ್ತಿರುವಾಗ ಬೋರ್ಡ್ ಹೇಗೆ ಬಾಗುತ್ತದೆ, ಹೇಗೆ ತಿರುಚುತ್ತದೆ ಎಂಬುದು ಅದಕ್ಕಿಂತ ಬಹಳ ಹೆಚ್ಚು ಗೊತ್ತಾಗುತ್ತದೆ.

ಹಾಗಾಗಿ ಇಡೀ ಬೋರ್ಡ್ ಮಾಡುವ ಮೊದಲು ಪಟ್ಟಿಗಳನ್ನು ಮಾಡಿಕೊಂಡೆ. 60 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಒಂದೇ ದಪ್ಪ. ಕೋರ್ ಮಾತ್ರ ಬೇರೆ ಬೇರೆ. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ ತೂಕ ನೇತುಹಾಕಿ, ಎಷ್ಟು ಜಗ್ಗಿತು ಎಂದು ಸ್ಕೇಲ್ ಹಿಡಿದು ಅಳೆದೆ. ಆಮೇಲೆ ಒಂದು ತುದಿಯನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿದೆ. ಕೊನೆಗೆ ಪಟ್ಟಿಯ ಮೇಲೆ ಹಿಮ್ಮಡಿ ಊರಿ ಪೂರ್ತಿ ಭಾರ ಬಿಟ್ಟು ನಿಂತೆ. ಫೋಮ್ ಪಟ್ಟಿಯಲ್ಲಿ ಗುಳಿ ಬಿತ್ತು. ಪೌಲೋನಿಯಾದಲ್ಲಿ ಗುರುತೂ ಇಲ್ಲ. ಜಿಗಿದು ಇಳಿಯುವಾಗ ಹಿಮ್ಮಡಿ ಬಡಿಯುವುದು ಪ್ರತಿ ಸಲವೂ ಅದೇ ಜಾಗಕ್ಕೆ. ಮೇಲ್ಪದರದ ಕೆಳಗೆ ಫೋಮ್ ಒಮ್ಮೆ ನಜ್ಜಾದರೆ ಪದರ ಬಿಡುವುದು ಅಲ್ಲಿಂದಲೇ ಶುರು. ದಪ್ಪ ಬಟ್ಟೆ ಹಾಕಿ ಇದನ್ನು ತಡೆಯಬಹುದು, ಆದರೆ ಉಳಿಸಿದ ತೂಕವೆಲ್ಲ ಅಲ್ಲೇ ವಾಪಸ್ ಬರುತ್ತದೆ.

ಕಟ್ಟಡಕ್ಕೆ ಬಳಸುವ ಪಾಲಿಸ್ಟೈರೀನ್ ಹಲಗೆಯನ್ನು ಪಟ್ಟಿ ಮಾಡಿಯೂ ನೋಡಲಿಲ್ಲ. ಇಷ್ಟು ತೆಳುವಾದ ಬೋರ್ಡಿಗೆ ಅದು ತೀರಾ ಮೆದು. ಮೇಲಾಗಿ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಕರಗಿಹೋಗುತ್ತದೆ.

ಪೌಲೋನಿಯಾಕ್ಕೆ ಮನಸ್ಸು ಕಟ್ಟಿದ ಮೇಲೆ ಕೆಲಸ ಸಲೀಸಾಯಿತು. ಕಿರಿದಾದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಅಂಟಿಸಿದೆ. ಪಕ್ಕಪಕ್ಕದ ಪಟ್ಟಿಗಳ ವಾರ್ಷಿಕ ಉಂಗುರಗಳು ಎದುರುಬದುರಾಗಿ ಬಾಗಿರುವಂತೆ ನೋಡಿಕೊಂಡೆ; ಹಾಗಿದ್ದರೆ ಹಲಗೆ ಒಂದೇ ಕಡೆಗೆ ಸೊಟ್ಟಗಾಗುವುದಿಲ್ಲ. ನಡುವೆ, ಸ್ಟ್ರ್ಯಾಪ್ ಬರುವ ಜಾಗದಲ್ಲಿ, ಎರಡು ಪಟ್ಟಿ ಗಟ್ಟಿ ಮರದ್ದು. ಇನ್ಸರ್ಟ್‌ಗೆ ತೂತು ಕೊರೆಯುವಾಗ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ನೂಲು ಕಲಸಿದ ಎಪಾಕ್ಸಿ ರೆಸಿನ್ ತುಂಬಿ, ಆಮೇಲೆ ಇನ್ಸರ್ಟ್ ಇಳಿಸಿದೆ. ಮರದ ಬೋರ್ಡಿನೊಳಕ್ಕೆ ನೀರು ನುಗ್ಗುವುದು ಹೆಚ್ಚಾಗಿ ಈ ತೂತುಗಳಿಂದಲೇ. ಹಾಗಾಗಿ ಅಲ್ಲಿ ಮರ ಎಲ್ಲೂ ಬರಿಯಾಗಿ ಉಳಿಯಬಾರದು.

ಇನ್ನು ಹೊರಪದರ. ಕಾರ್ಬನ್ ಎಂದರೆ ಯಾರಿಗೆ ಆಸೆ ಇಲ್ಲ? ಗಾಜಿನ ನೂಲಿಗಿಂತ ಅದು ಮೂರು ಪಟ್ಟು ಬಿಗಿ, ತೂಕವೂ ಕಡಿಮೆ. ಆದರೆ ಗಾಜು ಎಷ್ಟೋ ಹೆಚ್ಚು ಹಿಗ್ಗಿ ಆಮೇಲೆ ಹರಿಯುತ್ತದೆ. ಹರಿಯುವ ಮುಂಚೆ ಬೆಳ್ಳಗಾಗಿ ಎಚ್ಚರಿಕೆಯನ್ನೂ ಕೊಡುತ್ತದೆ. ಕಾರ್ಬನ್ ಕೊಡುವುದಿಲ್ಲ, ಪಟ್ಟನೆ ಮುರಿಯುತ್ತದೆ. ಮತ್ತೊಂದು, ಗಾಜಿನ ಪದರ ಪಾರದರ್ಶಕ. ಗಾಳಿಗುಳ್ಳೆ ಎಲ್ಲಿ ಉಳಿದಿದೆ, ರೆಸಿನ್ ಎಲ್ಲಿ ಹೀರಿಕೊಂಡಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಕೈಯಲ್ಲಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬಿಗಿ ಸಾಲದಿದ್ದರೆ ಕೋರ್ ಒಂದು ಮಿ.ಮೀ. ದಪ್ಪ ಮಾಡಿದರಾಯಿತು. 8 ಇದ್ದದ್ದು 9 ಆದರೆ ಬಾಗುವಿಕೆಯ ಬಿಗಿ ಕಾಲು ಭಾಗದಷ್ಟು ಏರುತ್ತದೆ, ಖರ್ಚಿಲ್ಲ.

ಕೊನೆಗೆ ಎರಡೂ ಬದಿಗೆ ಚದರ ಮೀಟರಿಗೆ 600 ಗ್ರಾಂ ತೂಗುವ, ನೂಲು 45 ಡಿಗ್ರಿ ಓರೆಯಾಗಿ ಓಡುವ ಗಾಜಿನ ಬಟ್ಟೆ ಹಾಕಿದೆ. ತಿರುಚುವುದನ್ನು ತಡೆಯುವುದು ಈ ಓರೆ ನೂಲೇ. ಅಲೆ ಕದಡಿರುವಾಗ ಅಂಚು ನೀರನ್ನು ಕಚ್ಚಿ ಹಿಡಿಯಬೇಕಾದರೆ ಉದ್ದದ ಬಿಗಿಗಿಂತ ಇದು ಮುಖ್ಯ. ಕಾರ್ಬನ್ ಹಾಕಿದ್ದು ಎರಡು ಕಾಲುಗಳ ನಡುವೆ ಉದ್ದಕ್ಕೆ ಒಂದು ಕಿರಿಯ ಪಟ್ಟಿ ಮಾತ್ರ, ಅದೂ ಇನ್ಸರ್ಟ್‌ಗಳಿಂದ ದೂರ. ಉಪ್ಪುನೀರಿನಲ್ಲಿ ಕಾರ್ಬನ್ನಿಗೆ ತಾಗಿಕೊಂಡ ಲೋಹ ಬೇಗ ತಿನ್ನಿಸಿಕೊಳ್ಳುತ್ತದೆ. ಮೇಲೆ ಒಂದು ಪದರ ಕಪ್ಪು ಬಟ್ಟೆ ಹೊದಿಸಿ ಕಾರ್ಬನ್ ಬೋರ್ಡ್ ಎಂದು ಕರೆಯುವುದು ಅಲಂಕಾರದ ಮಾತು. ಅದರ ಬಗ್ಗೆ ನನಗೆ ತಕರಾರಿಲ್ಲ, ಆಸಕ್ತಿಯೂ ಇಲ್ಲ.

ರೆಸಿನ್ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಮರಕ್ಕೆ ಎಪಾಕ್ಸಿ ಅಂಟಿದಂತೆ ಪಾಲಿಯೆಸ್ಟರ್ ಅಂಟುವುದಿಲ್ಲ. ಎಪಾಕ್ಸಿಯನ್ನು ಗಟ್ಟಿಯಾಗಿಸುವ ಹಾರ್ಡನರನ್ನು ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು, ಗ್ಲೌಸ್ ಬಿಡಬಾರದು. ಗಾಳಿ ಹೀರಿ ಪದರಗಳನ್ನು ಅಚ್ಚಿಗೆ ಒತ್ತಿ ಹಿಡಿಯುವ ವ್ಯಾಕ್ಯೂಮ್ ಬ್ಯಾಗಿನಿಂದ ತೆಗೆದ ಮೇಲೆ ಮರ ತನ್ನ ಬಾಗನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ಅದಕ್ಕೇ ಅಚ್ಚಿನಲ್ಲಿ ರಾಕರ್ (ಬೋರ್ಡಿನ ಉದ್ದಕ್ಕೂ ಇರುವ ಬಾಗು) ಬೇಕಾದ್ದಕ್ಕಿಂತ ಕೆಲವು ಮಿ.ಮೀ. ಹೆಚ್ಚಿಟ್ಟಿದ್ದೆ.

ಫಾಯಿಲ್ ಬೋರ್ಡ್, ಅಂದರೆ ಮಾಸ್ಟ್ ಎಂಬ ಕಂಬದ ತುದಿಯಲ್ಲಿ ನೀರೊಳಗೆ ರೆಕ್ಕೆಯಿದ್ದು ನೀರಿನಿಂದ ಮೇಲೆದ್ದು ಓಡುವ ಬೋರ್ಡ್, ಮಾಡುವುದಾದರೆ ನಾನೂ ಫೋಮನ್ನೇ ಆರಿಸುತ್ತೇನೆ. ಅಲ್ಲಿ ಬೋರ್ಡ್ ಬಾಗಲೇಬಾರದು, ದಪ್ಪ ಎಷ್ಟಿದ್ದರೂ ನಡೆಯುತ್ತದೆ, ಮಾಸ್ಟ್ ಕೂರುವ ಜಾಗವೊಂದನ್ನು ಬಲಪಡಿಸಿಕೊಂಡರೆ ಸಾಕು.