ನಡಿಗೆಯ ಕ್ಯಾಲೊರಿ: ಏರು ಲೆಕ್ಕಕ್ಕೆ ಬಂದರೆ ಮಾತ್ರ ಸರಿ

ಇಎಸ್‌ಪಿ32 ಬೋರ್ಡ್ (ಪುಟ್ಟ ಕಂಪ್ಯೂಟರ್), ಎಂಪಿಯು6050 ಆಕ್ಸಿಲರೋಮೀಟರ್ (ಅಲುಗಾಟ ಅಳೆಯುವ ಸೆನ್ಸರ್), ಬಿಎಂಪಿ280 ಗಾಳಿಯ ಒತ್ತಡದ ಸೆನ್ಸರ್: ನಡಿಗೆಯಲ್ಲಿ ಖರ್ಚಾಗುವ ಕ್ಯಾಲೊರಿ ಲೆಕ್ಕ ಹಾಕುವ ಡಬ್ಬಿಗೆ ನಾನು ಬಳಸಿದ್ದು ಇಷ್ಟೇ. ಡಬ್ಬಿಯನ್ನು ಬೆಲ್ಟಿಗೆ ಬಿಗಿಯಾಗಿ ಕಟ್ಟುತ್ತೇನೆ. ಮಣಿಕಟ್ಟಿಗೆ ಕಟ್ಟಿದರೆ ಕೈಯಲ್ಲಿ ತರಕಾರಿ ಚೀಲ ಇದ್ದಾಗ ಹೆಜ್ಜೆಗಳು ತಪ್ಪಿಹೋಗುತ್ತವೆ. ಜೇಬಿನಲ್ಲಿ ಸಡಿಲವಾಗಿ ಬಿಟ್ಟರೆ ಒಂದು ಹೆಜ್ಜೆ ಎರಡಾಗುವುದೂ ಉಂಟು.

ಆಕ್ಸಿಲರೋಮೀಟರನ್ನು ಸೆಕೆಂಡಿಗೆ 50 ಸಲ ಓದಬೇಕು. ಮೂರೂ ಅಕ್ಷಗಳ ಅಳತೆಯ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಡಬ್ಬಿ ಯಾವ ಕಡೆ ವಾಲಿದರೂ ಲೆಕ್ಕ ಕೆಡದು. ಅದನ್ನು 0.5ರಿಂದ 3 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಸಲ) ಏರಿಳಿತವನ್ನಷ್ಟೇ ಉಳಿಸುವ ಫಿಲ್ಟರಿಗೆ ಹಾಕಿ ಶಿಖರಗಳನ್ನು ಎಣಿಸುತ್ತೇನೆ. ಎರಡು ಶಿಖರಗಳ ನಡುವೆ ಕನಿಷ್ಠ 0.3 ಸೆಕೆಂಡ್ ಇರಬೇಕು, ಒಂದೇ ಲಯದಲ್ಲಿ ಸತತ ಎಂಟು ಹೆಜ್ಜೆ ಬರಬೇಕು. ಈ ಷರತ್ತು ಇಲ್ಲದಿದ್ದರೆ ಬಸ್ಸಿನ ಕುಲುಕಾಟವೂ ನಡಿಗೆಯಾಗಿಬಿಡುತ್ತದೆ.

ಹೆಜ್ಜೆಯ ಉದ್ದವನ್ನು ಆಳಿನ ಎತ್ತರದಿಂದ ಊಹಿಸಬೇಡಿ. 400 ಮೀಟರ್ ಟ್ರ್ಯಾಕಿನ ಒಳಗಿನ ಲೇನಿನಲ್ಲಿ ನಿಧಾನ, ಸಾಧಾರಣ, ಬಿರುಸು ಹೀಗೆ ಮೂರು ವೇಗದಲ್ಲಿ ನಡೆದು ಅಳೆಯಿರಿ. ವೇಗ ಹೆಚ್ಚಿದಂತೆ ಹೆಜ್ಜೆಯೂ ಉದ್ದವಾಗುತ್ತದೆ.

ನಿಮಿಷದ ಹೆಜ್ಜೆಗಳನ್ನು ಹೆಜ್ಜೆಯ ಉದ್ದದಿಂದ ಗುಣಿಸಿದರೆ ವೇಗ. ಅದು ಸಿಕ್ಕಮೇಲೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಸೂತ್ರ:

ಆಮ್ಲಜನಕ = 3.5 + 0.1 × ವೇಗ + 1.8 × ವೇಗ × ಏರು

ವೇಗ ನಿಮಿಷಕ್ಕೆ ಮೀಟರಿನಲ್ಲಿ, ಏರು (ಏರಿದ ಎತ್ತರ ÷ ನಡೆದ ದೂರ) ಭಿನ್ನರಾಶಿಯಲ್ಲಿ: ಶೇ 5 ಎಂದರೆ 0.05. ಉತ್ತರ, ಅಂದರೆ ದೇಹ ಬಳಸುವ ಆಮ್ಲಜನಕ, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಬರುತ್ತದೆ. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲೊರಿ. 70 ಕಿಲೋ ತೂಕದವರು ಸಮತಟ್ಟು ರಸ್ತೆಯಲ್ಲಿ ನಿಮಿಷಕ್ಕೆ 80 ಮೀಟರಿನಂತೆ ಅರ್ಧ ಗಂಟೆ ನಡೆದರೆ 121 ಕಿಲೋಕ್ಯಾಲೊರಿ. ಇದರಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ 37 ಸೇರಿದೆ. ನಡಿಗೆಯದ್ದು 84 ಮಾತ್ರ. ತೂಕ ಇಳಿಸುವವರು ದಿನದ ಮೂಲ ಖರ್ಚಿಗೆ 121 ಕೂಡಿಸಿದರೆ ಆ 37 ಎರಡು ಸಲ ಎಣಿಕೆಯಾಗುತ್ತದೆ.

ಅದೇ ವೇಗದಲ್ಲಿ ಶೇ 5ರ ಏರು ಹತ್ತಿದರೆ ನಿಮಿಷಕ್ಕೆ 4 ಕಿಲೋಕ್ಯಾಲೊರಿ ಇದ್ದದ್ದು 6.5 ಆಗುತ್ತದೆ. ಬರೀ ಹೆಜ್ಜೆ ಎಣಿಸುವ ಸಾಧನಕ್ಕೆ ಇದು ಕಾಣುವುದೇ ಇಲ್ಲ, ಒತ್ತಡದ ಸೆನ್ಸರ್ ಬೇಕಾದದ್ದು ಇದಕ್ಕೇ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು 9.5 ಮೀಟರ್ ಏರಿದಂತೆ. ಹವೆ ಬದಲಾದಂತೆ ಒತ್ತಡವೂ ಜಾರುವುದರಿಂದ ಬೆಳಗಿನ ಅಳತೆಗೆ ಹೋಲಿಸದೆ, 30 ಸೆಕೆಂಡಿನ ಸರಾಸರಿಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳಿ. ಡಬ್ಬಿಗೆ ಸಣ್ಣ ತೂತು ಬೇಕು, ಅದರ ಒಳಗೆ ಸ್ಪಂಜಿನ ಚೂರು ಇಡಿ. ಇಲ್ಲವಾದರೆ ಬೀಸುವ ಗಾಳಿಯೇ ಏರಿನಂತೆ ತೋರುತ್ತದೆ.

ಈ ಸೂತ್ರ ನಿಮಿಷಕ್ಕೆ 50ರಿಂದ 100 ಮೀಟರ್ ವೇಗಕ್ಕೆ ಮಾತ್ರ. ಇಳಿಜಾರಿಗೂ ಚಾಮುಂಡಿ ಬೆಟ್ಟದಂಥ ಮೆಟ್ಟಿಲಿಗೂ ಹೊಂದದು.