ನಿಮ್ಮ ಕೆಲಸಕ್ಕೆ ಎಷ್ಟು ಸಂಬಳ ಕೇಳಬಹುದು? ಲೆಕ್ಕ ಹಾಕುವ ಬಗೆ

ಸಂಬಳದ ಲೆಕ್ಕಕ್ಕೆ ಕೂತವರು ಸಾಮಾನ್ಯವಾಗಿ ಮೊದಲು ಬರೆದುಕೊಳ್ಳುವುದು ಈಗಿನ ಸಂಬಳ, ಅದರ ಮೇಲೆ ಶೇ. 20 ಅಥವಾ 30. ಎಡವಟ್ಟು ಇಲ್ಲೇ ಶುರು. ಈಗಿನ ಸಂಬಳ ಅಂದರೆ ಹಿಂದೆ ಯಾವತ್ತೋ ಕುದುರಿದ ಒಪ್ಪಂದ, ಅಷ್ಟೆ. ಅದು ಕಮ್ಮಿಯಿದ್ದರೆ ಆ ಕೊರತೆ ಹೊಸ ಕೆಲಸಕ್ಕೂ ಜೊತೆಗೇ ಬರುತ್ತದೆ. ಬೆಲೆ ಕಟ್ಟಬೇಕಾದ್ದು ಕೆಲಸಕ್ಕೆ. ಹಾಗಾಗಿ ಮೊದಲು ಕೆಲಸವನ್ನು ಕಾಗದಕ್ಕಿಳಿಸಿ.

ಹುದ್ದೆಯ ಹೆಸರನ್ನು ನಂಬಬೇಡಿ. ಒಂದು ಕಡೆ ‘ಮ್ಯಾನೇಜರ್’ ಅಂದರೆ ಕೈಕೆಳಗೆ 15 ಜನ, ಇನ್ನೊಂದು ಕಡೆ ಒಬ್ಬರೂ ಇಲ್ಲ. ವಾರದ ಗಂಟೆಗಳು ಯಾವ್ಯಾವ ಕೆಲಸಕ್ಕೆ ಹೋಗುತ್ತವೆ, ಯಾರನ್ನೂ ಕೇಳದೆ ನೀವೇ ತೀರ್ಮಾನಿಸುವುದು ಏನೇನು, ಎಷ್ಟು ಹಣಕ್ಕೆ, ಎಷ್ಟು ಜನಕ್ಕೆ ನೀವು ಹೊಣೆ, ನೀವು ತಪ್ಪಿದರೆ ಆಗುವ ನಷ್ಟವೆಷ್ಟು ಎಂದು ಬರೆಯಿರಿ. ಅನುಭವ ಜರಡಿಗೆ ಬೀಳುವುದು ಇಲ್ಲೇ. 12 ವರ್ಷಗಳಲ್ಲಿ ಕೊನೆಯ 8 ವರ್ಷ ಹೊಣೆ ಬೆಳೆದೇ ಇಲ್ಲವಾದರೆ, ನಾಲ್ಕೈದು ವರ್ಷ ಪಳಗಿದವರ ಸಾಲಿನಲ್ಲೇ ನಿಮ್ಮನ್ನೂ ನಿಲ್ಲಿಸುತ್ತಾರೆ. ಸಂದರ್ಶನದಲ್ಲಿ ಇದು ಗೊತ್ತಾಗುವುದಕ್ಕಿಂತ ಮನೆಯಲ್ಲೇ ಗೊತ್ತಾಗುವುದು ವಾಸಿ.

ಇನ್ನು ಇಂಥ ಕೆಲಸಕ್ಕೆ ಬೇರೆಡೆ ಕೊಡುವ ಸಂಬಳದ ಅಂಕಿಗಳನ್ನು ಕಲೆಹಾಕಿ, ಕನಿಷ್ಠ 8–10. ನೀವು ಬರೆದ ಪಟ್ಟಿಗೆ ಶೇ. 70ರಷ್ಟಾದರೂ ಹೊಂದುವ ಕೆಲಸಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಊರು ಮತ್ತು ಸಂಸ್ಥೆಯ ಗಾತ್ರವೂ ಹೊಂದಲಿ. ಪ್ರತಿ ಮೂಲಕ್ಕೂ ಅದರದೇ ಓರೆ ಇರುತ್ತದೆ. ಜಾಹೀರಾತಿನಲ್ಲಿ ಕಾಣುವ ಮೇಲಿನ ಮೊತ್ತ ಎಲ್ಲರಿಗೂ ಸಿಗುವಂಥದ್ದಲ್ಲ. ಜನ ತಾವೇ ತುಂಬಿದ ಅಂಕಿಗಳಲ್ಲಿ ಬೋನಸ್ ಸೇರಿದ್ದು, ಸೇರದ್ದು ಎರಡೂ ಕಲಸಿರುತ್ತವೆ. ಗೆಳೆಯರನ್ನು “ನಿಂಗೆಷ್ಟು ಸಂಬಳ?” ಎಂದರೆ ಮಾತು ಮುಚ್ಚಿಹೋಗುತ್ತದೆ, “ಈ ಥರದ ಕೆಲಸಕ್ಕೆ ಎಷ್ಟು ಕೊಡ್ತಾರೆ?” ಎಂದು ಕೇಳಿ, ಬಾಯಿ ಬಿಡುತ್ತಾರೆ.

ಸರಾಸರಿ ತೆಗೆಯಬೇಡಿ, ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವುದು) ತೆಗೆಯಿರಿ. 40, 45, 50, 55, 110 ಎಂಬ ಐದು ಸಂಬಳಗಳ ಸರಾಸರಿ 60, ಆದರೆ ನಾಲ್ವರಿಗೆ ಅಷ್ಟು ಸಿಗುತ್ತಿಲ್ಲ. ನಡುವಿನ 50 ನಿಜಕ್ಕೆ ಹತ್ತಿರ. ಅಂಕಿ ಹಳೆಯದಾದರೆ ತಿದ್ದಿಕೊಳ್ಳಿ: ಆ ಕ್ಷೇತ್ರದ ಸಂಬಳ ವರ್ಷಕ್ಕೆ ಶೇ. 4ರಂತೆ ಏರುತ್ತಿದ್ದರೆ ಒಂದೂವರೆ ವರ್ಷದ ಹಿಂದಿನ ಅಂಕಿಗೆ ಸುಮಾರು ಶೇ. 6 ಸೇರಿಸಬೇಕು.

ಸಂಸ್ಥೆಗಳು ಒಂದು ಹುದ್ದೆಗೆ ಒಂದೇ ಮೊತ್ತ ಇಟ್ಟುಕೊಂಡಿರುವುದಿಲ್ಲ. ನಡುಮೊತ್ತ 100 ಎಂದುಕೊಂಡರೆ 80ರಿಂದ 120ರವರೆಗಿನ ವ್ಯಾಪ್ತಿ ಸಾಮಾನ್ಯ. ಇನ್ನೂ ಕಲಿಯುತ್ತಿರುವವರು 80–90ರಲ್ಲಿ, ಕೆಲಸ ಪೂರ್ತಿ ಬಲ್ಲವರು 100ರ ಆಸುಪಾಸಿನಲ್ಲಿ. 110 ದಾಟಿ ಕೇಳಬೇಕಾದರೆ ಕಾರಣ ಬೇಕು: ಸುಲಭಕ್ಕೆ ಸಿಗದ ಪರಿಣತಿ, ಇಲ್ಲವೇ ತೋರಿಸಬಲ್ಲ ಫಲಿತಾಂಶ. ಬರೀ ಸರ್ಟಿಫಿಕೇಟುಗಳು, ಕಾನೂನೇ ಅವನ್ನು ಕೇಳದ ಹೊರತು, ಇಲ್ಲಿ ಅಷ್ಟಾಗಿ ತೂಗುವುದಿಲ್ಲ.

ಎರಡು ಆಫರ್ ಕೈಯಲ್ಲಿದ್ದಾಗ ಒಟ್ಟು ಮೊತ್ತ ನೋಡಿ ಮರುಳಾಗುವವರೇ ಜಾಸ್ತಿ. ಮೊದಲನೆಯದು 100, ಪೂರ್ತಿ ಖಾತ್ರಿ. ಎರಡನೆಯದು 90, ಜೊತೆಗೆ 25 ವೇರಿಯಬಲ್ (ಖಾತ್ರಿಯಿಲ್ಲದ, ಫಲಿತಾಂಶ ನೋಡಿ ಕೊಡುವ ಪಾಲು): ಕಾಗದದಲ್ಲಿ 115. ಕಳೆದ ವರ್ಷಗಳಲ್ಲಿ ವೇರಿಯಬಲ್‌ನ ಎಷ್ಟು ಪಾಲು ನಿಜಕ್ಕೂ ಕೊಟ್ಟರು ಎಂದು ಕೇಳಿ. ಶೇ. 60 ಎಂದರೆ 15, ಒಟ್ಟು 105. ಈಗ ಗಂಟೆ ನೋಡಿ. ಮೊದಲನೆಯದು ವಾರಕ್ಕೆ 40, ಎರಡನೆಯದು 50 ಆದರೆ ವಾರದ ಒಂದೊಂದು ಗಂಟೆಗೆ 2.5 ಮತ್ತು 2.1. ದೊಡ್ಡದಾಗಿ ಕಂಡದ್ದು ಚಿಕ್ಕದಾಯಿತು.

ಗುತ್ತಿಗೆ ಕೆಲಸಕ್ಕೆ ಹೋಗುವವರು ವರ್ಷದ ಸಂಬಳವನ್ನು 2,080 ಗಂಟೆಗೆ (52 ವಾರ × 40) ಭಾಗಿಸಿ ದರ ಹೇಳಿದರೆ ಕೈ ಸುಟ್ಟುಕೊಂಡಂತೆ. ರಜೆ, ಕಾಯಿಲೆಗೆ 6 ವಾರ ಕಳೆಯಿರಿ, ಉಳಿದದ್ದರಲ್ಲಿ ಕಾಲು ಭಾಗ ಗಿರಾಕಿ ಹುಡುಕಲು, ಲೆಕ್ಕಪತ್ರಕ್ಕೆ ಹೋಗುತ್ತದೆ ಎನ್ನಿ. ದುಡ್ಡು ಹುಟ್ಟುವ ಗಂಟೆಗಳು 1,380. ದರ ಒಂದೂವರೆ ಪಟ್ಟಾಯಿತು, ವಿಮೆ ಮತ್ತು ಸಲಕರಣೆಯ ಖರ್ಚು ಇನ್ನೂ ಬೇರೆ.

ಲೆಕ್ಕ ಸರಿಯೇ ಎಂದು ಹೇಳುವುದು ಎದುರಿನವರ ಉತ್ತರ. ಮೊದಲ ಮೊತ್ತಕ್ಕೇ ಎಲ್ಲೆಡೆ ತಕ್ಷಣ ಒಪ್ಪಿಬಿಟ್ಟರೆ ನೀವು ಕಮ್ಮಿ ಕೇಳಿದ್ದೀರಿ. ಮೂರ್ನಾಲ್ಕು ಕಡೆ ಸಂಬಳದ ಮಾತಿಗೇ ಕೈಬಿಟ್ಟರೆ ಮೊತ್ತಕ್ಕಿಂತ ಮುಂಚೆ ಆ ಶೇ. 70ರ ಹೋಲಿಕೆಯನ್ನು ಮತ್ತೆ ಪರೀಕ್ಷಿಸಿ. ಬಹುಪಾಲು ಒಂದು ಮೆಟ್ಟಿಲು ಮೇಲಿನ ಹುದ್ದೆಗಳ ಜೊತೆ ಹೋಲಿಸಿಕೊಂಡಿರುತ್ತೀರಿ.